ಲೀಟರ್ ಲೆಕ್ಕದಲ್ಲಿ ಇಳಿಯಿತು ಮೀಥೇನ್

ಮೇವು ಹೆಚ್ಚು ಕೊಟ್ಟರೆ ತೇಗೂ ಹೆಚ್ಚು, ಇನ್ನು ತೇಗಿನೊಡನೆ ಬರುವ, ಭೂಮಿಯನ್ನು ಬಿಸಿಮಾಡುವ ಮೀಥೇನ್ ಅನಿಲ ಇಳಿಯುವುದೆಲ್ಲಿಂದ ಎಂದು ಕೇಳಿದವರಿಗೆ ಮೂರು ವರ್ಷ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಇದೆ. ನನ್ನ ಹನ್ನೆರಡು ಹಸುಗಳಲ್ಲಿ ಪ್ರತಿ ಲೀಟರ್ ಹಾಲಿಗೆ ಬೀಳುವ ಮೀಥೇನ್ ಹೆಚ್ಚುಕಡಿಮೆ ಕಾಲು ಭಾಗ ಇಳಿದಿದೆ. ಎರವಲು ತಂದ ಲೇಸರ್ ಮಾಪಕವನ್ನು ಮೂತಿಯತ್ತ ಹಿಡಿದು ಬರೆದುಕೊಂಡ ಲೆಕ್ಕವಿದು. ಸ್ವಲ್ಪ ಆಚೀಚೆ ಇದ್ದೀತು.

ಮೊದಲು ಎಡವಿದ್ದು ಸಗಣಿಯಲ್ಲಿ. ತಿಪ್ಪೆ ಮುಚ್ಚಲು ಒಂದು ತಿಂಗಳ ಹಾಲಿನ ಹಣ ಸುರಿದೆ. ನೀರು ನಿಂತು ಗಾಳಿಯಾಡದ ಗುಂಡಿಯಿದ್ದವರಿಗೆ ಅದು ಸರಿ. ನನ್ನದು ಒಣ ತಿಪ್ಪೆ, ಅದರಿಂದ ಬರುತ್ತಿದ್ದುದೇ ಅಲ್ಪ. ಹಸುವಿನ ಹೊಟ್ಟೆಯ ಮೀಥೇನ್ ಬಹುಪಾಲು ಹೊರಬರುವುದು ಬಾಯಿಂದ.

ಆಮೇಲೆ ಎಣ್ಣೆ. ಮೇವಿನಲ್ಲಿ ಕೊಬ್ಬು ಹೆಚ್ಚಿದರೆ ಮೀಥೇನ್ ಇಳಿಯುತ್ತದೆ ಎಂಬುದು ನಿಜ. ಆದರೆ ಅವಸರದಲ್ಲಿ ಒಣ ತೂಕದ ನೂರಕ್ಕೆ ಎಂಟರಷ್ಟು ಮುಟ್ಟಿಸಿಬಿಟ್ಟೆ. ಹದಿನೈದು ದಿನದಲ್ಲಿ ಸಗಣಿಯಲ್ಲಿ ಅರಗದ ನಾರು ಕಾಣಿಸಿತು, ಹಾಲಿನ ಕೊಬ್ಬು ಬಿದ್ದಿತು, ಹಣವೂ ಹೋಯಿತು. ಈಗ ಐದು ದಾಟಿಸುವುದಿಲ್ಲ. ಎಣ್ಣೆ ಸುರಿಯುವುದನ್ನೂ ಬಿಟ್ಟು ಎಣ್ಣೆಬೀಜವನ್ನೇ ಕೊಡುತ್ತೇನೆ. ಯಾವ ಬೀಜ, ಯಾವ ಹೊತ್ತಿಗೆ ಎಂಬುದು ಸದ್ಯ ನನ್ನಲ್ಲೇ ಇರಲಿ.

ನಿಜವಾಗಿ ಕೆಲಸ ಮಾಡಿದ್ದು ಎರಡು. ಬಲಿತ ಒಣಹುಲ್ಲನ್ನು ಅರ್ಧಕ್ಕಿಳಿಸಿ, ಹೂ ಬಿಡುವ ಹೊತ್ತಿಗೇ ಕೊಯ್ದ ಹಸಿಮೇವು ಮತ್ತು ದ್ವಿದಳ ಸೊಪ್ಪನ್ನು ಹೆಚ್ಚಿಸಿದೆ. ಉಳಿದ ಹುಲ್ಲಿಗೆ ನೂರು ಕಿಲೋಗೆ ನಾಲ್ಕು ಕಿಲೋ ಯೂರಿಯಾ ಬೆರೆಸಿ, ಮೂರು ವಾರ ಗಾಳಿಯಾಡದಂತೆ ಮುಚ್ಚಿಟ್ಟೆ. ಹಾಲು ಹಸುವಿಗೆ ಎರಡು ಲೀಟರ್‌ನಷ್ಟು ಏರಿತು. ಮಾಪಕದಲ್ಲಿ ತಲಾ ಹಸುವಿನ ಮೀಥೇನ್ ಅಂಕಿ ತುಸು ಏರಿದ್ದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಹಾಲಿನಿಂದ ಭಾಗಿಸಿದಾಗಲೇ ಇಳಿಕೆ ಕಾಣುವುದು.

ಎರಡನೆಯದು, ಗಬ್ಬ ನಿಲ್ಲದ ಹಸುಗಳು. ನನ್ನಲ್ಲಿ ಮೂರು ಹಸುಗಳು ವರ್ಷ ಕಳೆದರೂ ಖಾಲಿ ನಿಂತಿದ್ದವು. ಹನಿ ಹಾಲಿಲ್ಲ, ಆದರೆ ತಿನ್ನುವುದೂ ತೇಗುವುದೂ ನಿಂತಿರಲಿಲ್ಲ. ಬೆಳಿಗ್ಗೆ ಸಂಜೆ ಬೆದೆ ನೋಡಿ ಬರೆದಿಡತೊಡಗಿದ ಮೇಲೆ ಎರಡು ಗಬ್ಬವಾದವು. ಈ ಕೆಲಸಕ್ಕೆ ಖರ್ಚಾದದ್ದು ಒಂದು ನೋಟುಪುಸ್ತಕ ಮಾತ್ರ. ಲಾಭ ಮಾತ್ರ ಮೇವು ಬದಲಾಯಿಸಿದ್ದಕ್ಕಿಂತ ದೊಡ್ಡದು.

ನಡುವೆ ಮೀಥೇನ್ ತಗ್ಗೀತೆಂದು ಬೆಳ್ಳುಳ್ಳಿಯನ್ನೂ ತಿನ್ನಿಸಿ ನೋಡಿದೆ. ಹಾಲಿಗೆ ವಾಸನೆ ಹತ್ತಿತು, ನಾಲ್ಕನೆಯ ದಿನವೇ ನಿಲ್ಲಿಸಿದೆ. ಅದೇ ಕೆಲಸಕ್ಕೆ ಕೆಂಪು ಕಡಲಪಾಚಿಯ ಆಸೆ ಇನ್ನೂ ಇದೆ, ಕೈಗೆ ಸಿಕ್ಕಿಲ್ಲ.

ಸದ್ಯ ಕಡಸುಗಳ ಮೇಲೆ ಕಣ್ಣಿಟ್ಟಿದ್ದೇನೆ. ಮೂರು ವರ್ಷಕ್ಕೆ ಮೊದಲ ಕರು ಹಾಕುತ್ತಿದ್ದವನ್ನು ಇಪ್ಪತ್ತೆಂಟು ತಿಂಗಳಿಗೆ ತರಬೇಕು, ಹಾಲಿಲ್ಲದೆ ತೇಗುವ ದಿನ ಅಷ್ಟು ಕಡಿಮೆ. ಒಂದು ಈಗಾಗಲೇ ಗಬ್ಬವಾಗಿದೆ.