ದಿನವೂ ಎಲ್ಲವೂ ಮತ್ತೆ ಕಾಪಿ ಆಗುತ್ತಿದೆಯೇ? ಆರ್‌ಸಿಂಕ್ ಬ್ಯಾಕಪ್‌ನ ತೊಂದರೆ ಪತ್ತೆ ಮಾಡುವುದು ಹೀಗೆ

ಕಚೇರಿ ಸರ್ವರ್‌ನ ಫೈಲ್‌ಗಳ ಇನ್ನೊಂದು ಪ್ರತಿ ಬೇರೆ ಊರಿನ ಸರ್ವರ್‌ನಲ್ಲಿ ಇರಲಿ ಎಂದು ಬಹಳ ಜನ ಆರ್‌ಸಿಂಕ್ ಬಳಸುತ್ತಾರೆ. 1996ರಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಾಸ್ ಹೊರತಂದ ಈ ಟೂಲ್ ಮೊದಲ ದಿನ ಎಲ್ಲವನ್ನೂ ಕಳಿಸುತ್ತದೆ, ಆಮೇಲೆ ಬದಲಾದದ್ದನ್ನು ಮಾತ್ರ. ರಾತ್ರಿ ಶುರುವಾದ ಬ್ಯಾಕಪ್ ಬೆಳಿಗ್ಗೆ ಹತ್ತಾದರೂ ಮುಗಿಯದಿದ್ದರೆ ಎಲ್ಲೋ ಎಡವಟ್ಟಾಗಿದೆ. ಸ್ಕ್ರಿಪ್ಟ್ ಬದಲಿಸಲು ಹೋಗಬೇಡಿ. ಕಾರಣ ಏನೆಂದು ಮೊದಲು ಆರ್‌ಸಿಂಕ್‌ನಿಂದಲೇ ಹೇಳಿಸಿ.

ಹಂತ 1: ಗುರುತುಗಳನ್ನು ಓದಿ

ಈಗಿರುವ ಕಮಾಂಡ್‌ಗೇ ‘ಡ್ರೈ-ರನ್’ ಮತ್ತು ‘ಐಟೆಮೈಸ್-ಚೇಂಜಸ್’ ಎಂಬ ಎರಡು ಆಯ್ಕೆ ಸೇರಿಸಿ ಓಡಿಸಿ. ಡ್ರೈ-ರನ್ ಇರುವುದರಿಂದ ಒಂದು ಫೈಲೂ ಕಾಪಿ ಆಗುವುದಿಲ್ಲ. ಬದಲಾವಣೆ ಇರುವ ಪ್ರತಿ ಫೈಲ್ ಹೆಸರಿನ ಮೊದಲು ಒಂದು ಸಾಲು ಗುರುತು ಮಾತ್ರ ಬರುತ್ತದೆ. ‘ಎಸ್’ ಎಂದರೆ ಗಾತ್ರ ಬದಲಾಗಿದೆ, ‘ಟಿ’ ಎಂದರೆ ಸಮಯ, ‘ಪಿ’ ಎಂದರೆ ಪರ್ಮಿಷನ್. ಸಾಲಿನ ತುಂಬ ಪ್ಲಸ್ ಚಿಹ್ನೆಗಳಿದ್ದರೆ ಆ ಫೈಲ್ ಆ ಕಡೆ, ಅಂದರೆ ದೂರದ ಸರ್ವರ್‌ನಲ್ಲಿ, ಇಲ್ಲವೇ ಇಲ್ಲ.

ಎಲ್ಲೆಲ್ಲೂ ಪ್ಲಸ್ ಕಂಡರೆ ಪಾತ್ (ಫೋಲ್ಡರ್‌ನ ವಿಳಾಸ) ನೋಡಿ. ಮೂಲ ಫೋಲ್ಡರ್‌ನ ಕೊನೆಗೆ ಸ್ಲ್ಯಾಶ್ ಇದ್ದರೆ ಒಳಗಿರುವುದು ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರ್ ಸಮೇತ. ಈ ಒಂದು ಗೆರೆ ತಪ್ಪಿ ಫೋಲ್ಡರ್‌ನೊಳಗೆ ಫೋಲ್ಡರ್ ಆಗಿರುವುದು ತುಂಬಾ ಸಾಮಾನ್ಯ.

ದೊಡ್ಡಕ್ಷರದ ಟಿ ಕಂಡರೆ ನಿಮ್ಮ ಕಮಾಂಡ್ ಫೈಲ್‌ಗಳ ಸಮಯವನ್ನು ಉಳಿಸಿಕೊಳ್ಳುತ್ತಿಲ್ಲ. ಗಾತ್ರ ಮತ್ತು ಸಮಯ ಎರಡೂ ಒಂದೇ ಆಗಿದ್ದರೆ ಮಾತ್ರ ಆರ್‌ಸಿಂಕ್ ಫೈಲನ್ನು ಬಿಟ್ಟು ಮುಂದೆ ಹೋಗುತ್ತದೆ. ಸಮಯ ಬೇರೆಯಾದರೆ ಎರಡೂ ಕಡೆ ಪೂರ್ತಿ ಓದಿ ಹೋಲಿಸಬೇಕು, ಗಂಟೆಗಟ್ಟಲೆ ಹೋಗುವುದು ಅಲ್ಲಿಯೇ. ‘ಆರ್’ ಬದಲು ‘ಎ’ ಆಯ್ಕೆ ಹಾಕಿ, ಅದರಲ್ಲಿ ಸಮಯವೂ ಸೇರಿದೆ.

ಹಂತ 2: ದೊಡ್ಡ ಫೈಲ್‌ಗಳನ್ನು ನೋಡಿ

ಸಾವಿರ ಫೈಲ್ ಸರಿಯಿದ್ದು ಒಂದೇ ಒಂದು ಡೇಟಾಬೇಸ್ ಡಂಪ್ (ಡೇಟಾಬೇಸನ್ನು ಬರೆದಿಟ್ಟ ಫೈಲ್) ಇಡೀ ರಾತ್ರಿ ತಿನ್ನಬಹುದು. ಡಂಪನ್ನು ಜಿಜಿಪ್ ಎಂಬ ಟೂಲ್‌ನಿಂದ ಕುಗ್ಗಿಸಿದಾಗ ಆರಂಭದಲ್ಲಿ ಒಂದು ಸಾಲು ಬದಲಾದರೂ ಅಲ್ಲಿಂದ ಮುಂದಿನದೆಲ್ಲ ಬೇರೆ ರೂಪ ತಾಳುತ್ತದೆ. ಆಗ ಹೊಂದುವ ಭಾಗವೇ ಆರ್‌ಸಿಂಕ್‌ಗೆ ಸಿಗುವುದಿಲ್ಲ. ಜಿಜಿಪ್‌ಗೆ ‘ಆರ್‌ಸಿಂಕೇಬಲ್’ ಎಂಬ ಆಯ್ಕೆ ಕೊಡಿ, ಕಡತ ಚೂರು ದೊಡ್ಡದಾಗುತ್ತದೆ, ಆದರೆ ಬದಲಾವಣೆ ಅದದೇ ಜಾಗದಲ್ಲಿ ಉಳಿಯುತ್ತದೆ. ಡಂಪ್‌ನ ಹೆಸರಲ್ಲಿ ತಾರೀಖು ಹಾಕುವುದನ್ನೂ ಬಿಡಿ. ದಿನಕ್ಕೊಂದು ಹೆಸರಾದರೆ ಹೋಲಿಸಲು ಹಳೆಯದು ಎಲ್ಲಿಂದ ಬರಬೇಕು, ಅಲ್ವಾ?

ಇನ್ನೊಂದು ವಿಷಯ. ದೂರದ ಡಿಸ್ಕನ್ನು ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ವ್ಯವಸ್ಥೆ) ಮೂಲಕ ಮೌಂಟ್ ಮಾಡಿಕೊಂಡಿದ್ದರೆ, ಅಂದರೆ ಇಲ್ಲಿನ ಫೋಲ್ಡರ್‌ನಂತೆ ಜೋಡಿಸಿಕೊಂಡಿದ್ದರೆ, ಆರ್‌ಸಿಂಕ್ ಅದನ್ನು ಇದೇ ಯಂತ್ರದ ಡಿಸ್ಕ್ ಎಂದುಕೊಂಡು ಬದಲಾದ ಫೈಲನ್ನು ಇಡಿಯಾಗಿ ಕಳಿಸುತ್ತದೆ. ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತ ಸಂಪರ್ಕ) ಮೂಲಕವೇ ಕಳಿಸಿ.

ಹಂತ 3: ಆ ಕಡೆ ಡಿಸ್ಕ್ ತುಂಬುತ್ತಿದ್ದರೆ

ದಿನಕ್ಕೊಂದು ಫೋಲ್ಡರ್ ಮಾಡಿ, ಬದಲಾಗದ ಫೈಲನ್ನು ಮತ್ತೆ ಕಾಪಿ ಮಾಡದೆ ಹಳೆಯ ಪ್ರತಿಗೇ ಲಿಂಕ್ ಮಾಡುವ ‘ಲಿಂಕ್-ಡೆಸ್ಟ್’ ಆಯ್ಕೆ ಬಳಸುವವರು ಗಮನಿಸಿ. ಇಲ್ಲಿ ಕೊಡುವ ಪಾತ್ ಪೂರ್ಣವಾಗಿರದಿದ್ದರೆ, ಅದನ್ನು ಸೇರಬೇಕಾದ ಫೋಲ್ಡರ್‌ನಿಂದ ಲೆಕ್ಕ ಹಾಕಲಾಗುತ್ತದೆ, ನೀವು ನಿಂತಿರುವ ಫೋಲ್ಡರ್‌ನಿಂದಲ್ಲ. ಪಾತ್ ತಪ್ಪಿದರೆ ಒಂದು ಸಾಲಿನ ಎಚ್ಚರಿಕೆ ಕೊಟ್ಟು ಎಲ್ಲವನ್ನೂ ಹೊಸದಾಗಿ ಕಾಪಿ ಮಾಡುತ್ತದೆ. ಪರ್ಮಿಷನ್ ಬದಲಾಗಿದ್ದರೂ ಲಿಂಕ್ ಆಗುವುದಿಲ್ಲ. ನಿನ್ನೆಯ ಮತ್ತು ಇಂದಿನ ಫೋಲ್ಡರ್ ಎರಡನ್ನೂ ಡಿಸ್ಕ್ ಬಳಕೆ ತೋರಿಸುವ ಒಂದೇ ‘ಡಿಯು’ ಕಮಾಂಡ್‌ಗೆ ಕೊಟ್ಟು ನೋಡಿ. ಲಿಂಕ್ ಸರಿಯಿದ್ದರೆ ಎರಡನೆಯದು ತೀರಾ ಚಿಕ್ಕದಾಗಿ ಕಾಣುತ್ತದೆ.

ಹಂತ 4: ಅರ್ಧಕ್ಕೆ ನಿಂತರೆ

ಎಕ್ಸಿಟ್ ಕೋಡ್ (ಆರ್‌ಸಿಂಕ್ ನಿಂತಾಗ ಕೊಡುವ ಸಂಖ್ಯೆ) ನೋಡಿ. 24 ಬಂದರೆ ಕಾಪಿ ಆಗುವಾಗ ಯಾವುದೋ ಫೈಲ್ ಮಾಯವಾಗಿದೆ, ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. 23 ಬಂದರೆ ಕೆಲವು ಫೈಲ್ ಹೋಗಿಲ್ಲ, ಹೆಚ್ಚಾಗಿ ಓದುವ ಅನುಮತಿ ಇರುವುದಿಲ್ಲ. 255 ಎಸ್‌ಎಸ್‌ಎಚ್‌ನ ತೊಂದರೆ. ಕೈಯಿಂದ ಓಡಿಸಿದರೆ ಸರಿ, ಕ್ರಾನ್‌ನಲ್ಲಿ (ಹೇಳಿದ ಸಮಯಕ್ಕೆ ತಾನಾಗಿ ಓಡಿಸುವ ವ್ಯವಸ್ಥೆ) ಮಾತ್ರ 255 ಎಂದಾದರೆ ಎಸ್‌ಎಸ್‌ಎಚ್ ಕೀಗೆ ಪಾಸ್‌ಫ್ರೇಸ್ (ಕೈಯಿಂದ ಟೈಪ್ ಮಾಡಬೇಕಾದ ಗುಪ್ತಪದ) ಇದೆಯೇ ನೋಡಿ.

‘ಡಿಲೀಟ್’ ಆಯ್ಕೆ ಬಳಸುತ್ತಿದ್ದರೆ ದಯವಿಟ್ಟು ಇದೊಂದು ಮಾಡಿ. ಮೂಲ ಡಿಸ್ಕ್ ಮೌಂಟ್ ಆಗದ ದಿನ ಆ ಫೋಲ್ಡರ್ ಖಾಲಿ ಕಾಣುತ್ತದೆ, ಆರ್‌ಸಿಂಕ್ ಆ ಕಡೆಯದನ್ನೂ ಖಾಲಿ ಮಾಡುತ್ತದೆ. ಮೌಂಟ್ ಆಗಿದೆಯೇ ಎಂದು ಸ್ಕ್ರಿಪ್ಟ್‌ನ ಮೊದಲಲ್ಲೇ ಪರೀಕ್ಷಿಸಿ, ‘ಮ್ಯಾಕ್ಸ್-ಡಿಲೀಟ್’ ಮಿತಿಯನ್ನೂ ಹಾಕಿ.

ಎಲ್ಲ ಸರಿಹೋದ ಮೇಲೆ ದೂರದ ಸರ್ವರ್‌ನಿಂದ ಒಂದು ಫೋಲ್ಡರನ್ನು ಬೇರೆ ಜಾಗಕ್ಕೆ ವಾಪಸ್ ತನ್ನಿ. ಅದನ್ನು ‘ಚೆಕ್‌ಸಮ್’ (ಫೈಲ್‌ನ ಒಳಗಿರುವುದನ್ನೇ ಹೋಲಿಸುವ ಆಯ್ಕೆ), ‘ಡ್ರೈ-ರನ್’ ಮತ್ತು ‘ಐಟೆಮೈಸ್-ಚೇಂಜಸ್’ ಸೇರಿಸಿ ಮೂಲದೊಂದಿಗೆ ಹೋಲಿಸಿ. ಬ್ಯಾಕಪ್ ಆದ ಮೇಲೆ ಬದಲಾದ ಫೈಲ್‌ಗಳನ್ನು ಬಿಟ್ಟು ಬೇರೆ ಯಾವ ಹೆಸರೂ ಬರಬಾರದು.