ಕಾರ್ಪೆಟ್ಟಿನ ಮುಖ ಬಿಡಿ, ಬೆನ್ನು ನೋಡಿ

ಈಗಿನವರು ಕಾರ್ಪೆಟ್ಟು ಕೊಳ್ಳೋದು ಫೋನಿನಲ್ಲಿ ಚಿತ್ರ ನೋಡಿ. ಸೋಫಾ ಬಣ್ಣಕ್ಕೆ ಹೊಂದಿದರೆ ಮುಗೀತು. ಮನೆಗೆ ಬಂದ ದಿನ ಅದರ ಮೇಲೆ ಕೈಯಾಡಿಸಿ, "ಅತ್ತೆ, ಎಷ್ಟು ಮೆತ್ತಗಿದೆ ನೋಡಿ!" ಅಂತಾರೆ. ತುಂಬ ಮೆತ್ತಗಿದ್ದರೆ ಮೊದಲು ಅನುಮಾನ ಪಡಬೇಕು ಅಂತ ಇವರಿಗೆ ಯಾರೂ ಹೇಳಿಕೊಟ್ಟಿಲ್ಲ. ನಾಲ್ಕು ಮಳೆಗಾಲ ಕಳೆಯೋದರೊಳಗೆ ಓಡಾಡುವ ಜಾಗವೆಲ್ಲ ಚಪ್ಪಟೆ, ಅಂಚು ಮೇಲಕ್ಕೆ ಸುರುಳಿ. ಆಮೇಲೆ "ಕಾರ್ಪೆಟ್ಟೇ ನಮ್ಮ ಮನೆಗೆ ಆಗಿಬರಲ್ಲ" ಅಂತ ತೀರ್ಪು ಬೇರೆ.

ಅಂಗಡಿಗೆ ಹೋದವರು ಮೊದಲು ಅದನ್ನು ಮಗುಚಿ ಹಾಕಿಸಿ. ಕೈಯಲ್ಲಿ ಗಂಟು ಹಾಕಿ ನೇಯ್ದದ್ದಾದರೆ ಮುಂದಿನ ಹೂಬಳ್ಳಿಯೆಲ್ಲ ಹಿಂದೆಯೂ ಸ್ಪಷ್ಟವಾಗಿ ಕಾಣುತ್ತೆ, ಒಂದೊಂದು ಗಂಟೂ ಬೆರಳಿಗೆ ಸಿಗುತ್ತೆ. ತುದಿಯ ಕುಚ್ಚು ಮಗ್ಗದ ಮೇಲೆ ಉದ್ದಕ್ಕೆ ಕಟ್ಟಿದ ಹಾಸಿನ ನೂಲೇ ಆಗಿರುತ್ತೆ, ಆಮೇಲೆ ಹೊಲಿದದ್ದಲ್ಲ. ಹಿಂದೆ ಬಟ್ಟೆ ಅಂಟಿಸಿದ್ದರೆ ಅದು ಟಫ್ಟೆಡ್. ಬಟ್ಟೆಗೆ ಉಣ್ಣೆ ಚುಚ್ಚಿ, ಅದು ಕಿತ್ತು ಬರದಿರಲಿ ಅಂತ ರಬ್ಬರಿನ ಅಂಟು ಬಳಿದು, ಅಂಟು ಮುಚ್ಚೋಕೆ ಮತ್ತೊಂದು ಬಟ್ಟೆ ಹಾಕಿರ್ತಾರೆ. ಅದೂ ಕೈಕೆಲಸವೇ ಆದ್ದರಿಂದ "ಹ್ಯಾಂಡ್‌ಮೇಡ್ ಅಮ್ಮಾ" ಅನ್ನುವ ಅಂಗಡಿಯವನು ಸುಳ್ಳು ಹೇಳಿದ ಹಾಗಾಗಲ್ಲ. ಆದರೆ ಬರ್ತಾ ಬರ್ತಾ ಅಂಟು ಒಣಗಿ ಪುಡಿಯಾಗಿ ನೆಲಕ್ಕೆ ಉದುರುತ್ತೆ, ಗಂಟಿನದಕ್ಕೆ ಆ ಭಯವಿಲ್ಲ. ಕಾರ್ಪೆಟ್ಟಿಗೆ ಹೆಸರಾದ ಉತ್ತರ ಪ್ರದೇಶದ ಭದೋಹಿ, ಮಿರ್ಜಾಪುರದ ಕಡೆಯಿಂದ ಎರಡೂ ಥರದ್ದು ಬರುತ್ತೆ, ಊರಿನ ಹೆಸರು ಕೇಳಿ ದುಡ್ಡು ಬಿಚ್ಚಬೇಡಿ.

ಆಮೇಲೆ ಒಂದು ಮೂಲೆಯನ್ನು ಹಿಂದಕ್ಕೆ ಬಗ್ಗಿಸಿ. ಎಳೆಗಳ ನಡುವೆ ಬುಡದ ಬಟ್ಟೆ ಹಲ್ಲು ಕಿರಿದರೆ ಅಲ್ಲೇ ಬಿಟ್ಟು ಬನ್ನಿ. ಎಳೆ ಉದ್ದ ಇದ್ದರೆ ಬಾಳಿಕೆ ಅಂತ ತಿಳಿದಿದ್ದೀರಿ, ಹಾಗಲ್ಲ. ಗಿಡ್ಡ ಇರಲಿ, ಒತ್ತಾಗಿರಲಿ.

ಇನ್ನು ನೂಲು. ಚೀಟಿಯಲ್ಲಿ "ವುಲ್" ಅಂತ ಬರೆದಿದ್ದರೆ ನಂಬಿಬಿಡೋದಾ? ನಾನು ಬೆಂಕಿಪೊಟ್ಟಣ, ಹುಬ್ಬು ಕೀಳುವ ಚಿಮಟ ಎರಡೂ ಇಲ್ಲದೆ ಕಾರ್ಪೆಟ್ಟಿನ ಅಂಗಡಿ ಮೆಟ್ಟಿಲು ಹತ್ತಲ್ಲ. ಮಗ ನಾಚಿಕೊಂಡು ಮೂರು ಅಡಿ ದೂರ ನಿಲ್ತಾನೆ, ನಿಲ್ಲಲಿ. ಅಂಗಡಿಯವನನ್ನು ಕೇಳಿಯೇ ಅಂಚಿನ ಕಡೆಯಿಂದ ಎರಡು ಮೂರು ಎಳೆ ತೆಗೀರಿ, ನಡುವಿಂದ ಕೀಳಬೇಡಿ. ಅವನು ಒಪ್ಪದಿದ್ದರೆ ಅಂಗೈಯಿಂದ ನಾಲ್ಕು ಸಲ ಉಜ್ಜಿ. ಹೊಸ ಉಣ್ಣೆಯದು ನಯವಾಗಿ ಜೂಲು ಬಿಡುತ್ತೆ, ಅಷ್ಟೇ ಸಾಕು. ಅದನ್ನು ಬತ್ತಿ ಹೊಸೆಯುವ ಹಾಗೆ ಬಿಗಿಯಾಗಿ ಹೊಸೆಯಿರಿ, ಸಡಿಲ ಇದ್ದರೆ ಭಗ್ಗನೆ ಉರಿದು ಏನೂ ತಿಳಿಯಲ್ಲ. ಅಂಗಡಿಯೊಳಗೆ ಖಂಡಿತ ಬೇಡ, ಹೊರಗೆ ಕಲ್ಲಿನ ಮೇಲೆ, ಗಾಳಿಗೆ ಬೆನ್ನು ಹಾಕಿ ಕೂತುಕೊಳ್ಳಿ. ಚಿಮಟದಲ್ಲಿ ಹಿಡಿದು ಕಡ್ಡಿಯನ್ನು ಪಕ್ಕದಿಂದ ನಿಧಾನ ತನ್ನಿ. ಉರಿ ತಾಗುವ ಮುಂಚೆಯೇ ಎಳೆ ಮುದುರಿ ಹಿಂದೆ ಸರಿದರೆ ಪ್ಲಾಸ್ಟಿಕ್ಕಿನ ಜಾತಿ. ಅದು ಕರಗಿ ತೊಟ್ಟಿಕ್ಕುತ್ತೆ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತೆ. ಬಿಸಿ ಇರುವಾಗ ಮುಟ್ಟಬೇಡಿ, ಚರ್ಮಕ್ಕೆ ಅಂಟುತ್ತೆ. ಉಣ್ಣೆಯಾದರೆ ಒಲ್ಲೆ ಒಲ್ಲೆ ಅಂತ ಉರಿಯುತ್ತೆ, ಕಡ್ಡಿ ತೆಗೆದರೆ ತಾನೇ ಆರುತ್ತೆ, ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಒತ್ತಿದರೆ ಕಪ್ಪು ಪುಡಿ. ರೇಷ್ಮೆಗೂ ಇದೇ ವಾಸನೆ. "ಸಿಲ್ಕ್" ಅಂತ ಕೊಟ್ಟದ್ದು ಕಾಗದ ಸುಟ್ಟ ವಾಸನೆ ಹೊಡೆದರೆ ವಿಸ್ಕೋಸು, ಅಂದರೆ ಮರದ ತಿರುಳಿನಿಂದ ಮಾಡಿದ ನಕಲಿ ರೇಷ್ಮೆ. ಥಳಥಳ ಹೊಳೆಯುತ್ತೆ, ಆದರೆ ಒಂದು ಲೋಟ ನೀರು ಬಿದ್ದರೆ ಆ ಜಾಗ ಹಳದಿಯಾಗಿ ಮಲಗಿಬಿಡುತ್ತೆ. ಬ್ಯಾಂಬೂ ಸಿಲ್ಕು ಅಂತ ಈಗ ಮಾರ್ತಾರಲ್ಲ, ಅದೂ ಈ ಬಳಗದ್ದೇ.

ಬಣ್ಣಕ್ಕೆ ಬಿಳಿ ಕರ್ಚೀಫು ಒದ್ದೆ ಮಾಡಿ ಉಜ್ಜಿ. ಕರ್ಚೀಫಿಗೆ ಬಂದ ಬಣ್ಣ ನಿಮ್ಮ ನೆಲಕ್ಕೂ ಬರುತ್ತೆ.

ಹಾಗಂತ ಉಣ್ಣೆಯನ್ನೇ ಮನೆತುಂಬ ಹಾಸಬೇಕಿಲ್ಲ. ಮಕ್ಕಳು ಹಾಲು ಚೆಲ್ಲುವ ಕಡೆ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ ನೂಲಿನದು ಸಾಕು, ತೊಳೆದರೆ ಬಣ್ಣ ಹೋಗಲ್ಲ. ಆದರೆ ಎಣ್ಣೆ ಕಲೆ ಬಿಡಲ್ಲ, ಬೇಗ ಚಪ್ಪಟೆ ಆಗುತ್ತೆ. ಓಡಾಟ ಹೆಚ್ಚಿರುವ ಜಾಗಕ್ಕೆ, ಉಣ್ಣೆಗೆ ಕೈ ಸಾಲದಿದ್ದರೆ, ನೈಲಾನ್ ಮೇಲು. ಊಟದ ಮೇಜಿನ ಕೆಳಗೆ ಎಳೆ ಇರುವ ಕಾರ್ಪೆಟ್ಟು ಹಾಸುವವರಿಗೆ ಏನು ಹೇಳಲಿ? ಅನ್ನದ ಅಗುಳನ್ನು ನೀವೇ ಆರಿಸ್ತೀರಾ?

ಅಲ್ಲಿಗೆ ಜಮಖಾನೆ ಹಾಕಿ. ಹುಬ್ಬಳ್ಳಿಯ ನಮ್ಮ ತವರಲ್ಲಿ ಹಾಸ್ತಿದ್ದದ್ದು ನವಲಗುಂದದ ಜಮಖಾನೆ. ಹತ್ತಿ ನೂಲಿನದು, ಹೆಂಗಸರೇ ನೇಯೋದು, ನವಿಲು, ಪಗಡೆ ಹಾಸಿನ ಚಿತ್ತಾರ. ಈಗ ಅದಕ್ಕೆ ಜಿಐ ಗುರುತೂ ಇದೆ, ಅಂದರೆ ಇದು ಆ ಊರಿನದೇ ಅಂತ ಸರ್ಕಾರ ಕೊಡುವ ಮುದ್ರೆ. ಭಜನೆಗೆ ಅಂತ ಅಟ್ಟದಿಂದ ಇಳಿಸುವಾಗ ಇಬ್ಬರು ಎತ್ತಬೇಕು, ನೆಲದ ಮೇಲೆ ಎಳೆದರೆ ಅವ್ವನ ಕೈಯಿಂದ ಬೆನ್ನಿಗೊಂದು ಬೀಳ್ತಿತ್ತು. ಅದೇ ಜಮಖಾನೆ ಮೇಲೆ ನನ್ನ ಮದುವೆ ಮಾತುಕತೆ ಆಯಿತು, ನನ್ನ ಮೊಮ್ಮಗಳು ಅಂಬೆಗಾಲಿಟ್ಟಳು. ಅಂಚಿನ ನೂಲು ಮಾತ್ರ ಎರಡು ಕಡೆ ಸವೆದಿದೆ.

ಬಾಳಿಕೆ ಅರ್ಧ ಅಂಗಡಿಯಲ್ಲಿ, ಇನ್ನರ್ಧ ನೆಲದಲ್ಲಿ. ಒರೆಸಿದ ಕೂಡಲೇ ಹಸಿ ನೆಲದ ಮೇಲೆ ಹಾಸಿ ಅಡಿ ಮುಗ್ಗಲು ಹಿಡಿಸ್ತೀರಿ. ನೆಲ ಒರೆಸೋದೂ ಈಗ ಹಾಗೇ ಆಗಿದೆ, ಮಾಪನ್ನು ಹಿಂಡದೆ ಎಳೆದು ಮನೆತುಂಬ ಕೆರೆ ಮಾಡಿ ಫ್ಯಾನು ಹಾಕೋದು. ಬಟ್ಟೆ ಹಿಂಡಿ, ಕೂತು ಒರೆಸಿದರೆ ಸೊಂಟ ಬೀಳಲ್ಲ! ನುಣ್ಣನೆ ಟೈಲ್ಸ್ ಇದ್ದರೆ ಕಾರ್ಪೆಟ್ಟಿನ ಕೆಳಗೆ ಜಾರದ ಹಾಳೆ ಹಾಕಿ, ಮನೆಯಲ್ಲಿ ವಯಸ್ಸಾದವರಿದ್ದಾರೆ. ಯುಗಾದಿಗೊಮ್ಮೆ, ದಸರಾಕ್ಕೊಮ್ಮೆ ತಲೆ ಕಾಲು ಅದಲುಬದಲು ಮಾಡಿ ಹಾಸಿ, ಆಗ ತುಳಿತವೂ ಬಿಸಿಲೂ ಒಂದೇ ಕಡೆ ಬೀಳಲ್ಲ. ಎತ್ತಿಡುವಾಗ ಮಡಿಸಬೇಡಿ, ಸುತ್ತಿ. ನುಸಿ ಹಿಡಿಯದ ಹಾಗೆ ಒಣ ಬೇವಿನ ಸೊಪ್ಪು ಸೇರಿಸಿ ಹಳೆ ಕಾಟನ್ ಸೀರೆಯಲ್ಲಿ ಕಟ್ಟಿಡಿ. ಪ್ಲಾಸ್ಟಿಕ್ ಚೀಲಕ್ಕೆ ತುರುಕಬೇಡಿ, ಒಳಗೇ ಬೆವರಿ ಕೊಳೆಯುತ್ತೆ.