ಹಳೆಯ ಗೋಡೆಗೆ ಯಾವ ಹಸಿರು ಹಚ್ಚೋದು?

ಇಂಗ್ಲೆಂಡಿನ ಹಳೆಯ ದೊಡ್ಡಮನೆಗಳಲ್ಲಿ ಮೂಲ ವಾಲ್‌ಪೇಪರ್ ಬೇಕು ಅಂದರೆ ಗೋಡೆ ನೋಡಿ ಪ್ರಯೋಜನ ಇಲ್ಲ. ಗೋಡೆಯ ಮೇಲೆ ಕಾಣೋದು ಮೊಮ್ಮಕ್ಕಳೋ ಮರಿಮಕ್ಕಳೋ ಅಂಟಿಸಿದ್ದು. ಬಾಗಿಲ ಚೌಕಟ್ಟಿನ ಹಿಂದೆ, ಗೋಡೆ ಬೀರುವಿನ ಒಳಗೆ, ಯಾರೂ ಕದಲಿಸದ ಕನ್ನಡಿಯ ಬೆನ್ನಿಗೆ ಹುಡುಕಬೇಕು. ನಾನು ಬಟ್ಟೆ ಮತ್ತು ಕಾಗದಕ್ಕೆ ಅಚ್ಚು ಹಾಕುವವಳು. ಕಲಿತದ್ದು ಭಾರತದಲ್ಲಿ, ಈಗ ಕೆಲಸ ಅಲ್ಲಿ. ಅಂಥ ಒಂದು ಮನೆಯ ಮಲಗುವ ಕೋಣೆಗೆ ಹಳೆಯ ವಾಲ್‌ಪೇಪರನ್ನೂ ಕಿಟಕಿ ಪರದೆಯ ಬಟ್ಟೆಯನ್ನೂ ಮತ್ತೆ ಮಾಡಿಕೊಡುವ ಕೆಲಸ ನಮ್ಮ ಕೈಗೆ ಬಂದಿತ್ತು.

ಬೀರುವಿನೊಳಗೆ ಸಿಕ್ಕಿದ್ದು ಪದರದ ಮೇಲೆ ಪದರ. ಸ್ವಲ್ಪ ಸ್ವಲ್ಪವೇ ನೆನೆಸಿ, ತೆಳುವಾದ ಅಲಗು ತೂರಿಸಿ ಬಿಡಿಸಬೇಕು. ಅವಸರ ಮಾಡಿದರೆ ಸೀಮೆಸುಣ್ಣದ ಬಣ್ಣವೆಲ್ಲ ನೀರಿನ ಜೊತೆ ಹೊರಟುಹೋಗುತ್ತೆ. ಎಲ್ಲಕ್ಕಿಂತ ಅಡಿಯ ಪದರದಲ್ಲಿ ಹಸಿರು ಎಲೆ, ಗುಲಾಬಿ, ತಿಳಿ ಬೂದು ನೆಲ ಇತ್ತು. ತುಂಡು ಚಿಕ್ಕದು. ಆದರೆ ಕಾಲ ಹೇಳೋಕೆ ಅಷ್ಟೇ ಸಾಕಾಯಿತು. ಕಾಗದದ ಹಿಂಬದಿಯಲ್ಲಿ ತೆರಿಗೆ ಮುದ್ರೆಯ ಗುರುತು ಇತ್ತು. ಬ್ರಿಟನ್ನಿನಲ್ಲಿ 1712ರಿಂದ 1836ರವರೆಗೆ ವಾಲ್‌ಪೇಪರಿಗೆ ತೆರಿಗೆ ಇತ್ತು. ಆ ಮುದ್ರೆಯನ್ನು ನಕಲಿ ಮಾಡಿದವರಿಗೆ ಮರಣದಂಡನೆ ಅಂತಲೇ 1806ರಲ್ಲಿ ಕಾನೂನು ಮಾಡಿದರು. ಗೋಡೆಗೆ ಅಂಟಿಸುವ ಕಾಗದಕ್ಕೆ! ಇನ್ನೊಂದು ಸುಳಿವು, ಹಾಳೆಗೆ ಹಾಳೆ ಅಂಟಿಸಿ ರೋಲ್ ಮಾಡಿದ್ದ ಅಡ್ಡ ಗೆರೆಗಳು. ಉದ್ದನೆಯ ಮಿಲ್ ಕಾಗದ ವಾಲ್‌ಪೇಪರಿಗೆ ಬಳಕೆಗೆ ಬಂದದ್ದು 1830ರ ಸುಮಾರಿಗೆ. ಇದು ಅದಕ್ಕಿಂತ ಹಿಂದಿನದು ಅಂತಾಯಿತು.

ಮೂರನೆಯ ಸುಳಿವು ಹಸಿರಿನಲ್ಲೇ ಇತ್ತು, ವಿಷವಾಗಿ. ಎಕ್ಸ್‌ರೇ ಹಾಯಿಸಿ ನೋಡುವ ಯಂತ್ರದಲ್ಲಿ ತಾಮ್ರ ಮತ್ತು ಆರ್ಸೆನಿಕ್ ಒಟ್ಟಿಗೆ ಕಾಣಿಸಿತು. ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಶೀಲೆ ಇಂಥ ಹಸಿರನ್ನು ಮಾಡಿದ್ದು 1775ರಲ್ಲಿ. ಅಲ್ಲಿಗೆ ನಮ್ಮ ಕಾಗದ 1775ರಿಂದ 1830ರ ನಡುವಿನದು. ಈ ಕೆಲಸಕ್ಕೆ ಇಳಿಯುವವರಿಗೆ ಒಂದು ಮಾತು: ಹಳೆಯ ಹಸಿರು ಕಾಗದ ಕಂಡರೆ ಮೊದಲು ಗ್ಲೌಸ್, ಮಾಸ್ಕ್ ಹಾಕಿ. ಒಣಗಿದ್ದಾಗ ಕೆರೆಯಬೇಡಿ. ಪರೀಕ್ಷೆ ಆಮೇಲಿನ ಮಾತು.

ಆ ಹಸಿರಿಗೆ ಒಂದು ತಣ್ಣನೆಯ ಹೊಳಪು ಇರುತ್ತೆ. ವಿಷ ಇಲ್ಲದ ಬಣ್ಣಗಳಲ್ಲಿ ಅದನ್ನು ತರೋದು ಕಷ್ಟ. ಕ್ರೋಮಿಯಂ ಹಸಿರು ಮಂಕು, ಥ್ಯಾಲೋ ಹಸಿರು ಅತಿ ಚುರುಕು. ಎರಡನ್ನೂ ಬೆರೆಸಿ, ಸೀಮೆಸುಣ್ಣ ಮತ್ತು ಸರೇಸಿನಲ್ಲಿ (ಪ್ರಾಣಿಯ ಚರ್ಮ, ಎಲುಬು ಕುದಿಸಿ ಮಾಡುವ ಅಂಟು) ಕಲಸಿ, ಒಣಗಿಸಿ ನೋಡಬೇಕು. ಒದ್ದೆ ಇದ್ದಾಗ ಕಂಡ ಬಣ್ಣ ಒಣಗಿದ ಮೇಲೆ ಎಷ್ಟೋ ತಿಳಿಯಾಗಿಬಿಡುತ್ತೆ, ಹಾಗಾಗಿ ಹಸಿಯಲ್ಲಿ ಯಾರ ಅಭಿಪ್ರಾಯವನ್ನೂ ಕೇಳಬಾರದು.

ಅಚ್ಚಿನ ವಿಷಯದಲ್ಲಿ ನನ್ನ ಹಳೆಯ ಕಲಿಕೆ ಅರ್ಧ ಮಾತ್ರ ಉಪಯೋಗಕ್ಕೆ ಬಂತು. ನಮ್ಮ ಕಡೆಯ ಬಟ್ಟೆ ಅಚ್ಚು ಅಂಗೈಯಲ್ಲಿ ಹಿಡಿಯುವಂಥದ್ದು. ಅಲ್ಲಿನ ವಾಲ್‌ಪೇಪರ್ ಅಚ್ಚು ಕಾಗದದ ಅಗಲಕ್ಕೇ ಇರುತ್ತೆ, ಅಂದರೆ 21 ಇಂಚು. ಪೇರ್ ಮರದ ಮುಖ, ಬೆನ್ನಿಗೆ ಬೇರೆ ಮರದ ಪದರಗಳು. ಎತ್ತಿ ಇಡೋಕೇ ತೋಳು ಬೇಕು, ಒತ್ತೋಕೆ ಸನ್ನೆಕೋಲು ಇರುತ್ತೆ. ಒಂದು ಬಣ್ಣಕ್ಕೆ ಒಂದು ಅಚ್ಚು. ಒಂದು ಬಣ್ಣ ಒಣಗದೆ ಇನ್ನೊಂದು ಹಾಕೋ ಹಾಗಿಲ್ಲ. ಡಿಜಿಟಲ್ ಪ್ರಿಂಟ್ ಮಾಡಿದ್ದರೆ ಖರ್ಚು ಎಷ್ಟೋ ಇಳಿಯುತ್ತಿತ್ತು, ನಿಜ. ಆದರೆ ಅಚ್ಚು ಒತ್ತಿದಾಗ ಬಣ್ಣ ಅಂಚಿಗೆ ಸರಿದು ದಪ್ಪ ಗೆರೆ ಕಟ್ಟುತ್ತೆ. ಪಕ್ಕದಿಂದ ಬೆಳಕು ಬಿದ್ದಾಗ ಆ ದಪ್ಪವೇ ಕಾಣೋದು. ಅದಿಲ್ಲದ ಕಾಗದ ನನ್ನ ಕಣ್ಣಿಗೆ ಬರೀ ಫೋಟೋ.

ಸಿಕ್ಕ ತುಂಡಿನಲ್ಲಿ ರಿಪೀಟ್, ಅಂದರೆ ಮತ್ತೆ ಮತ್ತೆ ಬರುವ ಚಿತ್ರದ ಒಂದು ಸುತ್ತು, ಪೂರ್ತಿ ಇರಲಿಲ್ಲ. ಒಂದು ಗುಲಾಬಿ ಅರ್ಧಕ್ಕೇ ಹರಿದಿತ್ತು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಮ್ಯಾಂಚೆಸ್ಟರಿನ ವಿಟ್‌ವರ್ತ್, ಎರಡು ಕಡೆಯೂ ಹಳೆಯ ವಾಲ್‌ಪೇಪರ್‌ಗಳ ದೊಡ್ಡ ಸಂಗ್ರಹ ಇದೆ. ಅದೇ ಕಾಲದ ಗುಲಾಬಿಗಳನ್ನು ನೋಡಿ ನೋಡಿ ಉಳಿದ ಅರ್ಧವನ್ನು ನಾನೇ ಬರೆದೆ. ಎಷ್ಟು ಮೂಲದ್ದು, ಎಷ್ಟು ನನ್ನದು ಅನ್ನೋದನ್ನು ನಕ್ಷೆಯಲ್ಲಿ ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿ ಮನೆಯವರಿಗೆ ಕೊಟ್ಟಿದ್ದೇನೆ.

ಇನ್ನು ಬಟ್ಟೆ. ಇದು ನಮ್ಮ ಕೋರಮಂಡಲ ಕರಾವಳಿಯಿಂದ ಹೋದ ಚಿಂಟ್ಸ್, ಅಂದರೆ ಚಿತ್ರ ಬರೆದ ಹತ್ತಿ ಬಟ್ಟೆ. ಕಲಮಿನಲ್ಲಿ ಪಟಿಕದ ನೀರು, ಕಬ್ಬಿಣದ ನೀರು ಎಳೆದು, ಬೇರಿನ ಬಣ್ಣದಲ್ಲಿ ಕುದಿಸಿ ಕೆಂಪು, ಕಪ್ಪು ಬರಿಸುತ್ತಿದ್ದರು. ಒಗೆದರೂ ಹೋಗದ ಈ ಬಣ್ಣಕ್ಕೆ ಇಂಗ್ಲೆಂಡ್ ಎಷ್ಟು ಮರುಳಾಗಿತ್ತು ಅಂದರೆ, ಅಲ್ಲಿನ ನೇಕಾರರ ಗಲಾಟೆಗೆ 1721ರಲ್ಲಿ ಬಣ್ಣದ ಹತ್ತಿ ಬಟ್ಟೆ ಉಡೋದನ್ನೇ ನಿಷೇಧಿಸಿದರು. ಅದು ಸಡಿಲವಾದದ್ದು 1774ರಲ್ಲಿ. (ಟಿಪ್ಪುವಿನ ಡೇರೆಯೂ ಚಿಂಟ್ಸ್ ಬಟ್ಟೆಯದೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೋದದ್ದು ಈಗ ವೇಲ್ಸಿನ ಪೋವಿಸ್ ಕೋಟೆಯ ಸಂಗ್ರಹದಲ್ಲಿದೆ.)

ಆ ಮನೆಯ ಮಂಚದ ಮೇಲಿನ ಜಾಲರಿಯಲ್ಲಿ, ಅಂದರೆ ಮಂಚದ ಸುತ್ತ ಮೇಲಿಂದ ಇಳಿಬಿಟ್ಟ ಚಿಂಟ್ಸ್ ಬಟ್ಟೆಯಲ್ಲಿ, ಎಲೆಗಳೆಲ್ಲ ನೀಲಿ. ಆಗ ಹಸಿರು ಅಂದರೆ ನೀಲಿಯ ಮೇಲೆ ಹಳದಿ ಬಳಿಯೋದು. ಹಳದಿ ಬಿಸಿಲಿಗೆ ಹಾರಿಹೋಗುತ್ತೆ, ನೀಲಿ ನಿಲ್ಲುತ್ತೆ. ಹೊಲಿಗೆ ಮಡಿಕೆ ಬಿಡಿಸಿದರೆ ಒಳಗೆ ಹಸಿರು ಹಾಗೇ ಇತ್ತು. ಜಗಳ ಶುರುವಾದದ್ದೇ ಇಲ್ಲಿ. ಮನೆಯವರಿಗೆ ಅಜ್ಜಿಯ ಕಾಲದಿಂದ ನೋಡಿದ ನೀಲಿ ಎಲೆಯೇ ಬೇಕು. ಅವರ ಸಲಹೆಗಾರರಿಗೆ ಮಡಿಕೆಯೊಳಗಿನ ಹಸಿರು ಬೇಕು, ಅದೇ ಸತ್ಯ ಅಂತ.

ನಾನು ಎರಡಕ್ಕೂ ಒಂದೇ ನಿಯಮ ಹಾಕಲಿಲ್ಲ. ಹಳೆಯ ವಾಲ್‌ಪೇಪರ್ ಗೋಡೆಯ ಮೇಲೆ ಎಲ್ಲೂ ಉಳಿದಿಲ್ಲ, ಹಾಗಾಗಿ ಅದಕ್ಕೆ ಬೀರುವಿನೊಳಗಿನ ಮಾಸದ ಬಣ್ಣ. ಬಟ್ಟೆಯ ಕಥೆ ಬೇರೆ. ಮೂಲ ಜಾಲರಿ ಅದೇ ಮಂಚದ ಮೇಲೆ ಉಳಿಯುತ್ತೆ. ಅದರ ಪಕ್ಕದ ಕಿಟಕಿಗೆ ಹಸಿರು ಎಲೆಯ ಹೊಸ ಪರದೆ ಬಿಟ್ಟರೆ ಅಸಲಿಯೇ ಹಳೇ ಚಿಂದಿಯಂತೆ ಕಾಣುತ್ತೆ, ಅಲ್ವಾ? ಆದ್ದರಿಂದ ಪರದೆಗೆ ಮಾಸಿದ ನೀಲಿ. ಸಲಹೆಗಾರರು ಇದನ್ನು ಒಪ್ಪಿದರು ಅಂತ ಹೇಳಲಾರೆ, ಸಹಿ ಹಾಕಿದರು ಅಷ್ಟೆ.

ಕಲಮಿನಲ್ಲಿ ಬರೆಸೋಕೆ ದುಡ್ಡು ಸಾಲಲಿಲ್ಲ, ಸ್ಕ್ರೀನ್ ಪ್ರಿಂಟ್ ಮಾಡಿದೆವು. ಕಂಪ್ಯೂಟರಿನಲ್ಲಿ ನಕಲು ತೆಗೆಯುವಾಗ ನಡುಗಿದ ಗೆರೆಗಳನ್ನು ನೇರ ಮಾಡಬೇಡಿ ಅಂತ ಹುಡುಗರಿಗೆ ಪದೇ ಪದೇ ಹೇಳಬೇಕಾಯಿತು. ಬಣ್ಣದ ಮಾದರಿಗಳನ್ನು ಕೊನೆಗೆ ಆ ಕೋಣೆಯಲ್ಲೇ ಇಟ್ಟು ಆರಿಸಿದೆವು. ಹಳೆಯ ಬಟ್ಟೆ ಉಳಿಯಲಿ ಅಂತ ಅಲ್ಲಿ ಬೆಳಕನ್ನು 50 ಲಕ್ಸಿಗೆ (ಲಕ್ಸ್ ಅಂದರೆ ಬೆಳಕಿನ ಅಳತೆ; ಇದು ತೀರಾ ಮಂದ ಬೆಳಕು) ಇಳಿಸಿರುತ್ತಾರೆ. ವರ್ಕ್‌ಶಾಪಿನ ಕಿಟಕಿಯ ಹತ್ತಿರ ಚೆನ್ನಾಗಿ ಕಂಡ ಕೆಂಪು ಅಲ್ಲಿ ಕಂದು.

ರೋಲ್‌ಗಳನ್ನು ಗೋಡೆಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಒತ್ತಿಸಿದೆ. ಸರೇಸಿನ ಬಣ್ಣ ಇನ್ನೊಮ್ಮೆ ಕಲಸಿದರೆ ಹಾಗೇ ಬರೋದಿಲ್ಲ, ಮತ್ತು ಆ ಮನೆಯ ಸೂರು ಸೋರುತ್ತೆ.